ಉಡುಮಲೈ ಶಾಖೆಯ ಕೆಂಪು ಚುಕ್ಕಿ

ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಶಾಖೆಗಳ ಚುಕ್ಕಿಗಳೆಲ್ಲ ಹಸಿರಾಗಿದ್ದವು, ಒಂದನ್ನು ಬಿಟ್ಟು.

ಆ ಒಂದು ಇನ್ನೂ ಹಳದಿಯಲ್ಲೇ ಇತ್ತು. ಹಳದಿಯೆಂದರೆ ಕೆಲಸ ನಡೆಯುತ್ತಿದೆ, ಕಾಯಬೇಕು. ಕಯಲ್ವಿಳಿ ಆರಿ ತಣ್ಣಗಾದ ಕಾಫಿಯನ್ನು ಎತ್ತಿ ತುಟಿಗಿಡುವಷ್ಟರಲ್ಲಿ ಚುಕ್ಕಿ ಕೆಂಪಾಯಿತು.

"ಉಡುಮಲೈ," ಎಂದ ಪಕ್ಕದ ಕುರ್ಚಿಯ ಬಷೀರ್, ಸಾವಿನ ಸುದ್ದಿ ಹೇಳುವವನ ದನಿಯಲ್ಲಿ.

"ಕಣ್ಣಿದೆ ನನಗೂ."

"ನಿಮ್ಮ ನಾಚಿಮುತ್ತು."

"ನನ್ನ ನಾಚಿಮುತ್ತು ಅಲ್ಲ ಬಷೀರಣ್ಣ. ಕಂಪನಿ ನಾಚಿಮುತ್ತು."

"ನಾನು ಹಾಗೇ ಅಂದಿದ್ದು," ಎಂದು ಬಷೀರ್ ಪರದೆಯ ಕಡೆ ತಿರುಗಿಕೊಂಡ.

ಕೊಯಮತ್ತೂರಿನ ಕೊಂಡಲ್ ಪಂಪ್ಸ್ ಕಂಪನಿಗೆ ಸುತ್ತಲಿನ ಊರುಗಳಲ್ಲೆಲ್ಲ ಶಾಖೆಗಳಿದ್ದವು. ಪ್ರತಿ ಶಾಖೆಯಲ್ಲೂ ಬಿಲ್ಲು, ದಾಸ್ತಾನು ನೋಡಿಕೊಳ್ಳುವ ಒಂದು ಸರ್ವರ್. ಎಲ್ಲವೂ ಮುದಿಯಾಗಿದ್ದವು. ಒಂದೊಂದರ ಗುಣವೂ ಒಂದೊಂದು ಥರ. ಯಾವುದು ಮುನಿಸಿಕೊಂಡರೂ ಕಯಲ್ ಚೀಲ ಹೆಗಲಿಗೇರಿಸಿ ಬಸ್ಸು ಹತ್ತಬೇಕಿತ್ತು. ಬಸ್ಸಿನಲ್ಲಿ ಓಡಾಡಿ ಓಡಾಡಿ ಸಾಕಾಗಿ, ಈ ಹೊಸ ಏರ್ಪಾಟನ್ನು ಯೋಚಿಸಿದವಳು ಅವಳೇ. ಹೊಸ ವ್ಯವಸ್ಥೆಯ ಒಂದೇ ಅಚ್ಚನ್ನು ಇಲ್ಲಿ ತಯಾರಿಸಿ, ಅದರ ಪ್ರತಿಯನ್ನು ದಿನಗಟ್ಟಲೆ ನಿಧಾನವಾಗಿ ಎಲ್ಲ ಶಾಖೆಗಳ ಯಂತ್ರಗಳಿಗೂ ಕಳಿಸಿಟ್ಟಿದ್ದಳು. ಆಯುಧಪೂಜೆಯ ದಿನ ಯಾವ ಅಂಗಡಿಯಲ್ಲೂ ಬಿಲ್ಲು ಹಾಕುವುದಿಲ್ಲ. ಅಂದು ಈ ಕೋಣೆಯಿಂದ ಅಪ್ಪಣೆ ಹೊರಟರೆ, ಒಂದಾದ ಮೇಲೊಂದು ಯಂತ್ರ ಹಳೆಯದನ್ನು ಕಳಚಿ ಹೊಸದನ್ನು ತೊಟ್ಟುಕೊಳ್ಳುತ್ತದೆ. ಆಮೇಲೆ ಎಲ್ಲವನ್ನೂ ಇಲ್ಲಿ ಕೂತೇ ನೋಡಿಕೊಳ್ಳಬಹುದು. ಬಸ್ಸು ಬೇಡ.

ಕಂಪನಿಯ ಒಡೆಯರಾದ ಮುದಲಾಳಿ ದೊರೈಸಾಮಿ ಒಪ್ಪಿದ್ದರು, ಒಂದು ಮಾತಿನ ಮೇಲೆ. ಪ್ರತಿ ವಿಜಯದಶಮಿಯ ಬೆಳಿಗ್ಗೆ ಅವರು ತಮ್ಮ ಮೊದಲ ಅಂಗಡಿಯಾದ ಉಡುಮಲೈಗೆ ಹೋಗಿ ವರ್ಷದ ಮೊದಲ ಬಿಲ್ಲನ್ನು ತಮ್ಮ ಕೈಯಾರೆ ಹಾಕುತ್ತಾರೆ. "ಆ ಬಿಲ್ಲು ನಿಲ್ಲಬಾರದು ಅಮ್ಮಣಿ. ನಿಂತರೆ ಈ ಕೆಲಸ ಚೆನ್ನೈ ಕಂಪನಿಗೆ. ನಿನ್ನ ರೂಮಿಗೆ ಬೀಗ." ನಗುತ್ತಲೇ ಹೇಳಿದ್ದರು. ಅವರು ನಗುತ್ತ ಹೇಳಿದ್ದನ್ನೆಲ್ಲ ಮಾಡಿಯೇ ತೀರುತ್ತಿದ್ದರು.

ಆ ಉಡುಮಲೈಯೇ ಈಗ ಕೆಂಪು.

ಕಯಲ್ ಆ ಶಾಖೆ ನೋಡಿಕೊಳ್ಳುವ ನಾಚಿಮುತ್ತುವಿಗೆ ಫೋನು ಹಚ್ಚಿದಳು. ಆ ಕಡೆಯಿಂದ ಗಂಟೆಯ ಸದ್ದು, ಕರ್ಪೂರ ಹಚ್ಚಿರೆಂದು ಯಾರೋ ಕೂಗುವ ಸದ್ದು, ನಡುವೆ ಅವನ ದನಿ.

"ಹೇಳಿ ಅಮ್ಮಣಿ."

"ಸರ್ವರ್ ಏನಾಯ್ತು?"

"ಏನೂ ಆಗಿಲ್ಲರೀ. ಲಕ್ಷಣವಾಗಿದೆ. ಈಗಷ್ಟೇ ಒರೆಸಿ, ವಿಭೂತಿ ಬಳಿದು, ಗಂಧ ಕುಂಕುಮ ಇಟ್ಟೆ. ಹಾರ ಹಾಕೋಕೆ ಹೋಗ್ತಿದ್ದೆ, ನಿಮ್ಮ ಫೋನು."

ಕಯಲ್ ಕಣ್ಣು ಮುಚ್ಚಿಕೊಂಡಳು. "ಒರೆಸಿದ್ರಾ."

"ಒದ್ದೆ ಬಟ್ಟೇಲಿ."

"ಒರೆಸುವಾಗ ಆನ್ ಇತ್ತಾ?"

"ಆನ್ ಇಟ್ಕೊಂಡು ಒರೆಸ್ತಾರೇನ್ರೀ? ಶಾಕ್ ಹೊಡೀತದೆ. ಆಫ್ ಮಾಡೇ ಒರೆಸಿದ್ದು."

"ನಾಚಿಮುತ್ತು, ಇವತ್ತು ಅದನ್ನ ಮುಟ್ಟಬೇಡಿ ಅಂತ ಹೇಳಿದ್ನೋ ಇಲ್ಲವೋ?"

"ಹೇಳಿದ್ರಿ. ಆದ್ರೆ ಪರದೆ ಕಪ್ಪಾಗಿತ್ತಲ್ಲ. ಮುಗೀತು ಅಂದ್ಕೊಂಡೆ. ತಕ್ಕಡಿ, ಗಾಡಿ, ಲೇತು ಎಲ್ಲ ಸುಮ್ಮನೆ ನಿಂತಿವೆ, ಇದೊಂದೇ ಗುಯ್ ಅಂತ ಕೂಗ್ತಾ ಇತ್ತು. ವರ್ಷಕ್ಕೊಂದು ದಿನ ಅದಕ್ಕೂ ರಜ ಬೇಡವಾ?"

ಅಂಗಡಿಯ ಹಿಂದೆಯೇ ಅವನ ಮನೆ. ಅಲ್ಲಿಂದ ಅವನ ತಾಯಿ ಕೂಗಿದ್ದು ಕೇಳಿಸಿತು. "ನಾಚೀ, ಬಾವಿ ನೀರು ಇವತ್ತೂ ಬಂದಿಲ್ಲ ಕಣೋ. ಊರಿಗೆಲ್ಲ ಪಂಪು ಮಾರ್ತೀಯ, ಹಬ್ಬದ ದಿನ ನಾನು ಕೊಡ ಹೊರಬೇಕು."

"ನಾಳೆಮ್ಮಾ, ನಾಳೆ," ಎಂದನವನು ಅತ್ತ. ಮತ್ತೆ ಇತ್ತ, ಮೆಲ್ಲಗೆ, "ತಪ್ಪಾಯ್ತಾ?"

ತಪ್ಪಾಯ್ತಾ ಅಂತೆ. ಕಯಲ್‌ಗೆ ಅಳಬೇಕೋ ಫೋನನ್ನು ಗೋಡೆಗೆ ಬಿಸಾಡಬೇಕೋ ತಿಳಿಯಲಿಲ್ಲ. "ಹಳೇದು ಅಳಿಸಿ ಹೋಗಿದೆ. ಹೊಸದು ಅರ್ಧ ಬರೆದು ನಿಂತಿದೆ. ನಿಮ್ಮೂರಿನ ಲೈನಲ್ಲಿ ಮತ್ತೆ ಕಳಿಸ್ತಾ ಕೂತ್ರೆ ನಾಡಿದ್ದಾದರೂ ಮುಗಿಯಲ್ಲ. ಆ ಪೆಟ್ಟಿಗೆ ಇಲ್ಲಿಗೇ ಬರಬೇಕು. ಇವತ್ತು ಯಾವ ಗಾಡಿ ಬರುತ್ತೆ ಹೇಳಿ? ನಾಳೆ ಮುದಲಾಳಿ ಅಲ್ಲಿ ಕೂತಾಗ ಏನು ತೋರಿಸ್ತೀರಿ, ಹಾರ ತೋರಿಸ್ತೀರಾ?"

ಉತ್ತರ ಬರುವ ಮೊದಲೇ ಕಟ್ ಮಾಡಿದಳು.

ಆಮೇಲೆ ಅವಳೇ ಕರೆದರೆ ಅವನು ಎತ್ತಲಿಲ್ಲ. ಮತ್ತೆ ಕರೆದಳು. ಎತ್ತಲಿಲ್ಲ. ತಾನೇ ಹೋಗೋಣವೆಂದು ಟ್ಯಾಕ್ಸಿಯವರಿಗೆ ಕೇಳಿದರೆ, ಚಕ್ರದಡಿ ನಿಂಬೆಹಣ್ಣು ಇಟ್ಟಾಗಿದೆ ಅಕ್ಕ, ನಾಳೆ ಒಳ್ಳೆ ಹೊತ್ತು ನೋಡಿಯೇ ಚಾವಿ ತಿರುಗಿಸೋದು, ಎಂದು ಎಲ್ಲರೂ ಒಂದೇ ಪಾಠ ಒಪ್ಪಿಸಿದರು. ಬಸ್ಸಿನಲ್ಲಿ ಹೋಗಿ ಬರುವಷ್ಟು ಹೊತ್ತು ಉಳಿದ ಚುಕ್ಕಿಗಳನ್ನು ಬಿಟ್ಟು ಏಳುವಂತಿರಲಿಲ್ಲ. ಹೊಸ ವ್ಯವಸ್ಥೆಯ ಮೊದಲ ದಿನ. ಎಲ್ಲಿ ಯಾವುದು ಕೆಮ್ಮುತ್ತದೋ.

"ಊಟ ಮಾಡಿ," ಎಂದ ಬಷೀರ್, ಹುರಿಗಡಲೆ ಮಂಡಕ್ಕಿಯ ಪೊಟ್ಟಣ ಮುಂದಿಟ್ಟು.

"ಬೇಡ."

"ಒಂದು ಮಾತು ಕೇಳಲಾ? ಇಡೀ ಕಂಪನಿ ಅವನನ್ನ ನಾಚಿಯಣ್ಣ ಅನ್ನುತ್ತೆ. ನನಗಿಂತ ಚಿಕ್ಕವನು, ನಾನೂ ಅಂತೀನಿ. ನೀವು ಯಾಕೆ ಅನ್ನಲ್ಲ?"

"ಬಷೀರಣ್ಣ, ಪರದೆ ನೋಡಿ."

ಅವಳು ಮಾತ್ರ ಪರದೆ ನೋಡಲಿಲ್ಲ. ಕಿಟಕಿಯಾಚೆ ನೋಡಿದಳು. ಬೀದಿಯ ಆಟೋಗಳಿಗೆಲ್ಲ ಬಾಳೆಕಂದು ಕಟ್ಟಿದ್ದರು.

ಉಡುಮಲೈಗೆ ಹೋದಾಗಲೆಲ್ಲ ಬಸ್ಸಿಳಿಯುತ್ತಲೇ ಗಾಳಿ ಬಂದು ಅವಳ ಜಡೆ ಬಿಚ್ಚುತ್ತಿತ್ತು. ದೂರದ ಗಾಳಿಯಂತ್ರಗಳು ಆಲಸ್ಯದಿಂದ ತಿರುಗುತ್ತಿದ್ದವು. ಅಂಗಡಿಯ ಮೇಜಿನ ಮೇಲೆ ಕೊರೆದಿಟ್ಟ ಎಳನೀರು ಕಾಯುತ್ತಿತ್ತು. ಅವಳು ಯಾವ ಬಸ್ಸಿಗೆ ಬರುತ್ತಾಳೆಂದು ಯಾರೂ ಹೇಳಿರುತ್ತಿರಲಿಲ್ಲ, ಆದರೂ ಎಳನೀರು ಎಂದೂ ಬೆಚ್ಚಗಾಗಿರುತ್ತಿರಲಿಲ್ಲ. ಅವಳು ಮೇಜಿನಡಿ ತಲೆ ತೂರಿಸಿ ಕೆಲಸ ಮಾಡುವಷ್ಟು ಹೊತ್ತೂ ಅವನು ಟಾರ್ಚು ಹಿಡಿದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂರುತ್ತಿದ್ದ. ಬೆಳಕು ಒಮ್ಮೊಮ್ಮೆ ಯಂತ್ರ ಬಿಟ್ಟು ಅವಳ ಕೆನ್ನೆಗೆ ಬರುತ್ತಿತ್ತು. "ಟಾರ್ಚು," ಎನ್ನುತ್ತಿದ್ದಳು. "ಕ್ಷಮಿಸಿ ಅಮ್ಮಣಿ, ಕೈ ಜಾರಿತು," ಎನ್ನುತ್ತಿದ್ದ. ಬೆಳಕು ಯಂತ್ರಕ್ಕೆ ಮರಳುತ್ತಿತ್ತು, ಬಹಳ ನಿಧಾನವಾಗಿ.

ಅದೆಲ್ಲ ಇನ್ನು ಇಲ್ಲ. ಗೆದ್ದರೆ ಈ ಕೋಣೆಯಿಂದಲೇ ಎಲ್ಲ ನಡೆಯುತ್ತದೆ, ಉಡುಮಲೈಗೆ ಹೋಗಲು ಕಾರಣವಿರುವುದಿಲ್ಲ. ಸೋತರೆ ಈ ಕೋಣೆಯೇ ಇರುವುದಿಲ್ಲ. ಎರಡು ಕಡೆಯಿಂದಲೂ ಆ ದಾರಿಗೆ ಬೇಲಿ ಹಾಕಿಕೊಂಡವಳು ತಾನೇ. ಅವಳ ಸಿಟ್ಟೆಲ್ಲ ಇದರ ಮೇಲೆ. ಒದ್ದೆ ಬಟ್ಟೆ ಬರೀ ನೆಪವಾಗಿ ಸಿಕ್ಕಿತ್ತು.

ಆಗ ಅವಳ ಮನಸ್ಸಿಗೆ ಒಂದು ಹುಚ್ಚು ಯೋಚನೆ ಹೊಳೆಯಿತು. ಅವನು ಬೇಕೆಂದೇ ಆರಿಸಿದ್ದರೆ? ಹೊಸದು ಬಂದರೆ ಇವಳು ಬರುವುದಿಲ್ಲವೆಂದು ತಿಳಿದೇ? ಎದೆ ಒಮ್ಮೆಗೇ ಹಗುರಾಯಿತು, ಕೆಲಸ ಹಾಳಾದ ಹೊತ್ತಿನಲ್ಲಿ ಹಗುರಾಗಬಾರದಷ್ಟು.

ಮಧ್ಯಾಹ್ನದ ಬಿಸಿಲು ಮೆತ್ತಗಾಗುವ ಹೊತ್ತಿಗೆ ಬಾಗಿಲು ತಳ್ಳಿಕೊಂಡು ನಾಚಿಮುತ್ತು ಬಂದ. ಹಬ್ಬದ ಬಿಳಿ ಪಂಚೆ ಮುದ್ದೆಯಾಗಿತ್ತು. ಹಣೆಯ ಗಂಧ ಬೆವರಿಗೆ ಇಳಿದಿತ್ತು. ಎರಡು ತೋಳುಗಳಲ್ಲಿ, ಟರ್ಕಿ ಟವೆಲಿನಲ್ಲಿ ಹಸುಗೂಸಿನಂತೆ ಸುತ್ತಿದ ಸರ್ವರ್. ಟವೆಲಿನ ಸಂದಿಯಿಂದ ಒಂದು ಚೆಂಡುಹೂ ಇಣುಕುತ್ತಿತ್ತು.

ಕಯಲ್ ಎದ್ದು ನಿಂತಳು. ಬಂದ ಮಾತು ಒಂದೇ. "ಫೋನ್ ಯಾಕೆ ಎತ್ತಲಿಲ್ಲ?"

"ಎರಡೂ ಕೈಲಿ ಇದಿತ್ತಲ್ಲರೀ. ಬಸ್ಸಲ್ಲಿ ಇಡೀ ದಾರಿ ತೊಡೆ ಮೇಲೇ ಇಟ್ಕೊಂಡು ಬಂದೆ. ಪಕ್ಕದ ಅಜ್ಜಿ ಫೋನು ನಾನೇ ಎತ್ತಿ ಕಿವಿಗೆ ಹಿಡೀತೀನಿ ಅಂತು. ನಾನೇ ಬೇಡ ಅಂದೆ."

"ಯಾಕೆ?"

"ಹಬ್ಬದ ದಿನ, ವಯಸ್ಸಾದೋರು. ನಿಮ್ಮ ಬೈಗುಳ ಅವರ ಕಿವಿಗೆ ಬೀಳೋದು ಬೇಡ ಅಂತ."

ಬಷೀರ್ ಕೆಮ್ಮಿದ. "ನಾನು ಟೀ ಕುಡಿದು ಬರ್ತೀನಿ."

"ಇಲ್ಲೇ ಫ್ಲಾಸ್ಕಲ್ಲಿದೆ," ಎಂದಳು ಕಯಲ್.

"ಈ ಟೀ ನನಗೆ ಆಗಲ್ಲ," ಎಂದು ಬಷೀರ್ ಬಾಗಿಲನ್ನು ಮೆತ್ತಗೆ ಎಳೆದುಕೊಂಡು ಹೋದ.

ಅವಳು ಪೆಟ್ಟಿಗೆಯ ಮುಚ್ಚಳ ತೆಗೆದಳು. ಒಳಗಿನಿಂದ ವಿಭೂತಿ ಹಾರಿ ಇಬ್ಬರೂ ಸೀನಿದರು. ಮುಂಭಾಗದ ಗಾಳಿಯ ಕಿಂಡಿಗೆ ಗಂಧ ಗಟ್ಟಿಯಾಗಿ ಅಂಟಿತ್ತು.

"ಮೂಗಿಗೇ ಮೆತ್ತಿದ್ದೀರಿ."

"ಹಣೆ ಅಂದ್ಕೊಂಡೆ."

ನಗಬಾರದೆಂದು ಅವಳು ತುಟಿ ಕಚ್ಚಿಕೊಂಡಳು. ಬ್ರಷ್ಷಿನಿಂದ ಗಂಧ ಕೆರೆದಳು. ಅವನು ಅಂಗೈಯಲ್ಲಿ ಸ್ಕ್ರೂಗಳನ್ನು ಹಿಡಿದು ನಿಂತ. ಒಂದೊಂದಾಗಿ ಅವಳು ಎತ್ತಿಕೊಳ್ಳುವಾಗ ಬೆರಳ ತುದಿ ಅಂಗೈಗೆ ತಾಗುತ್ತಿತ್ತು. ಪ್ರತಿ ಸಲವೂ ಅವನು ಸ್ಕ್ರೂ ಎಣಿಸುವವನಂತೆ ತಲೆ ತಗ್ಗಿಸಿಕೊಳ್ಳುತ್ತಿದ್ದ.

ಇಲ್ಲಿಯ ವೇಗದ ಲೈನಿಗೆ ತಂತಿ ಸಿಕ್ಕಿಸಿದಳು. ಪರದೆಯಲ್ಲಿ ಕೆಲಸ ಎಷ್ಟಾಯಿತೆಂದು ತೋರಿಸುವ ಪಟ್ಟಿ ಮೂಡಿ ತೆವಳತೊಡಗಿತು. ಇನ್ನು ಕಾಯುವುದಷ್ಟೇ.

ಅವನು ಚೀಲದಿಂದ ಬಾಳೆಲೆಯಲ್ಲಿ ಕಟ್ಟಿದ ಹೋಳಿಗೆಯ ಪೊಟ್ಟಣ ತೆಗೆದ. "ಅಮ್ಮ ಕೊಟ್ಟಿದ್ದು. ಒಪ್ಪಿಟ್ಟು. ಬೆಲ್ಲ ಜಾಸ್ತಿ ಹಾಕಿಸಿದೀನಿ. ನೀವು ಸಿಟ್ಟಲ್ಲಿದೀರ ಅಂದೆ."

"ನಿಮ್ಮ ಊಟ ಆಯ್ತಾ?"

"ಎಲೆ ಹಾಕಿದ್ರು. ಕೂತ್ರೆ ಬಸ್ಸು ತಪ್ತಿತ್ತು."

ಕಯಲ್ ಪೊಟ್ಟಣವನ್ನು ಇಬ್ಬರ ನಡುವೆ ಬಿಚ್ಚಿಟ್ಟಳು. ಇಬ್ಬರೂ ಮುರಿದು ತಿಂದರು. ಪಟ್ಟಿ ತೆವಳುತ್ತಿತ್ತು.

"ಒಂದು ಕೇಳ್ತೀನಿ, ನಿಜ ಹೇಳಬೇಕು," ಎಂದಳು, ಪಟ್ಟಿಯನ್ನೇ ನೋಡುತ್ತ. "ಬೇಕಂತಲೇ ಆರಿಸಿದ್ರಾ?"

"ಏನನ್ನ?"

"ಸರ್ವರ್."

ನಾಚಿಮುತ್ತುವಿನ ಮುಖ ಪೆಚ್ಚಾಯಿತು. "ಬೇಕಂತ ಮಾಡ್ತಾರೇನ್ರೀ? ನಿಮ್ಮ ಕೆಲಸಕ್ಕೆ ನಾನು ಕಲ್ಲು ಹಾಕ್ತೀನಾ? ದೇವರಾಣೆ, ಪರದೆ ಕಪ್ಪಾಗಿತ್ತು. ಮುಗೀತು ಅಂತಲೇ ಅಂದ್ಕೊಂಡೆ."

"ಹಾಗಾದ್ರೆ ಬರೀ ದಡ್ಡತನ."

"ಬರೀ ದಡ್ಡತನ," ಎಂದು ಒಪ್ಪಿಕೊಂಡ, ಯಾವ ಬೇಸರವೂ ಇಲ್ಲದೆ.

ಕಯಲ್‌ಗೆ ರೇಗಿತು. ಇಂಥ ಹೊತ್ತಿನಲ್ಲಾದರೂ ಒಂದು ಸುಳ್ಳು ಹೇಳಬಾರದೇ ಈ ಮನುಷ್ಯ. ಒಪ್ಪಿಟ್ಟಿನ ಕೊನೆಯ ತುಂಡನ್ನು ಅವನಿಗೆ ಬಿಡದೆ ತಾನೇ ತಿಂದಳು.

"ನಾನೂ ಒಂದು ಕೇಳಲಾ ಅಮ್ಮಣಿ? ನಮ್ಮ ಶಾಖೆ ಯಾಕೆ ಎಲ್ಲರಿಗಿಂತ ಕೊನೆಗೆ ಇಟ್ರಿ?"

"ಇಂಗ್ಲಿಷ್ ಅಕ್ಷರದ ಸಾಲು. ನಿಮ್ಮೂರು ಯು, ಕೊನೆಗೆ ಬರುತ್ತೆ."

"ವಾಲ್ಪಾರೈ ಬೆಳಿಗ್ಗೇನೇ ಆಯ್ತಂತಲ್ಲ. ವೆಳ್ಳಕೋವಿಲೂ ಆಯ್ತಂತೆ. ಅವು ವಿ, ನಮ್ಮ ಯು ಆದ ಮೇಲೆ ತಾನೇ ಬರೋದು?"

ಅವಳ ಕಿವಿ ಬಿಸಿಯಾಯಿತು. ಉತ್ತರವಾಗಿ ಕೀಲಿಮಣೆಯ ಮೇಲೆ ಏನನ್ನೋ ಒತ್ತಿದಳು. ಆ ಹೊತ್ತಿನಲ್ಲಿ ಒತ್ತಬೇಕಾದದ್ದು ಏನೂ ಇರಲಿಲ್ಲ.

ಯಂತ್ರ ಎದ್ದಿತು. ತನ್ನ ಹೆಸರು ಹೇಳಿಕೊಂಡಿತು. ಗೋಡೆಯ ಪರದೆಯಲ್ಲಿ ಉಡುಮಲೈ ಹಸಿರಾಯಿತು.

"ಇನ್ನು ಅಲ್ಲಿ ಹೋಗಿ ಏನು ಮಾಡಬೇಕು?" ಎಂದ.

"ತಂತಿ ಸಿಕ್ಕಿಸಿ, ಬಟನ್ ಒತ್ತಿ. ಅಷ್ಟೇ. ಉಳಿದಿದ್ದು ಇಲ್ಲಿಂದ ನಾನು ನೋಡ್ಕೋತೀನಿ."

"ನೀವು ಬರೋದು ಬೇಕಾಗಲ್ಲ."

"ಬೇಕಾಗಲ್ಲ."

"ಮುಂದಿನ ತಿಂಗಳು?"

"ಯಾವ ತಿಂಗಳೂ ಬೇಕಾಗಲ್ಲ ನಾಚಿಮುತ್ತು. ಅದಕ್ಕೇ ತಾನೇ ಇದೆಲ್ಲ ಮಾಡಿದ್ದು," ಎಂದಳು, ತನಗೇ ಬೈದುಕೊಳ್ಳುವ ದನಿಯಲ್ಲಿ.

ಅವನು ಟವೆಲು ಕೊಡವಿ, ಯಂತ್ರವನ್ನು ಮತ್ತೆ ಸುತ್ತತೊಡಗಿದ. ಸುತ್ತುವುದಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡ.

ಉಕ್ಕಡದ ಬಸ್ ನಿಲ್ದಾಣಕ್ಕೆ ಅವಳ ಸ್ಕೂಟರಿನಲ್ಲೇ ಹೋದರು. ಮುಂದೆ ಕಯಲ್, ಹಿಂದೆ ಅವನು, ನಡುವೆ ಸರ್ವರ್. ಪ್ರತಿ ಹಂಪಿನಲ್ಲೂ ಅದರ ಮೂಲೆ ಅವಳ ಬೆನ್ನಿಗೆ ಚುಚ್ಚುತ್ತಿತ್ತು.

"ಸ್ವಲ್ಪ ಹಿಂದೆ ಸರೀರಿ."

"ಸರಿದ್ರೆ ಬೀಳ್ತೀನಿ."

"ನೀವು ಬಿದ್ರೂ ಪರವಾಗಿಲ್ಲ, ಅದು ಬೀಳಬಾರದು."

"ಗೊತ್ತು. ಅದಕ್ಕೇ ಅದನ್ನೇ ತಬ್ಕೊಂಡಿದೀನಿ."

ಬಸ್ಸಿನ ಮೂತಿಗೂ ಬಾಳೆಕಂದು, ಚೆಂಡುಹೂವಿನ ಹಾರ. ಅವನು ಕಿಟಕಿಯ ಬದಿಯಲ್ಲಿ ಕೂತು ಪೆಟ್ಟಿಗೆಯನ್ನು ತೊಡೆಗೇರಿಸಿಕೊಂಡ. ಅವಳು ಕೆಳಗೆ ನಿಂತಳು. ಡ್ರೈವರು ಇಂಜಿನ್ನು ಚಾಲೂ ಮಾಡಿದ.

"ಅಮ್ಮಣಿ."

"ಏನು?"

"ಊರೆಲ್ಲ ನನ್ನನ್ನ ಅಣ್ಣ ಅಂತಾರೆ. ನೀವು ಒಂದ್ ಸಲಾನೂ ಅಂದಿಲ್ಲ." ಅವನು ಕಿಟಕಿಯ ಸರಳು ನೋಡುತ್ತ ಹೇಳಿದ. "ನೀವು ಬಂದಾಗಲೆಲ್ಲ ಹೆದರಿಕೊಂಡೇ ಇರ್ತೀನಿ, ಇವತ್ತು ಅಂದುಬಿಡ್ತಾರೇನೋ ಅಂತ."

ಕಯಲ್ ಸರಳು ಹಿಡಿದಳು. "ಇನ್ನೊಂದ್ ಸಲ ಸರ್ವರ್ ಆರಿಸಿದ್ರೆ ಅಂತೀನಿ."

ಅವನು ನಕ್ಕ. ಆಮೇಲೆ ನಗು ನಿಂತಿತು. "ಅದನ್ನ ಆರಿಸಿದ್ರೆ ನೀವು ಬರ್ತೀರಿ ಅನ್ನೋ ಉಪಾಯ ನನಗೆ ಹೊಳೀಲೇ ಇಲ್ಲ ನೋಡಿ. ನೀವು ಕೇಳಿದಾಗಲೇ ಹೊಳೆದಿದ್ದು. ಅಷ್ಟು ಬುದ್ಧಿ ಇದ್ದಿದ್ರೆ ಹೋದ ವರ್ಷವೇ ಆರಿಸ್ತಿದ್ದೆ."

ಕಂಡಕ್ಟರು ಸೀಟಿ ಊದಿದ. ಬಸ್ಸು ಕದಲಿತು. ಸರಳಿನಿಂದ ಅವಳ ಕೈ ಜಾರಿತು. ಏನಾದರೂ ಹೇಳಬೇಕಿತ್ತು. ಅವಳ ಬಾಯಿಂದ ಬಂದದ್ದು ಇಷ್ಟೇ. "ನೀಲಿ ತಂತಿ. ಕಪ್ಪುದಲ್ಲ, ನೀಲಿ."

ಬಸ್ಸು ತಿರುಗಿ ಮರೆಯಾಯಿತು. ನೀಲಿ ತಂತಿಯಂತೆ. ಯಾರು ದಡ್ಡರು ಈಗ.

ರಾತ್ರಿ ಊಟಕ್ಕೆ ಕೂರುವ ಹೊತ್ತಿಗೆ ಬಷೀರ್ ಫೋನು ಮಾಡಿ, ಉಡುಮಲೈ ತನ್ನ ಜಾಗದಲ್ಲೇ ಹಸಿರಾಗಿದೆ, ನೆಮ್ಮದಿಯಾಗಿ ಮಲಗಿ, ಎಂದ. ಕಯಲ್ ಗೆದ್ದಿದ್ದಳು. ಗೆದ್ದವರ ಹಾಗೆ ಊಟ ಸೇರಲಿಲ್ಲ.

ಬೆಳಿಗ್ಗೆ ಅವಳು ಮೊದಲ ಬಸ್ಸು ಹತ್ತಿದಳು. ಚೀಲದಲ್ಲಿ ಸ್ಕ್ರೂಡ್ರೈವರಿರಲಿಲ್ಲ, ತಂತಿಯಿರಲಿಲ್ಲ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿದಳು, ಕೆಡವಿದಳು. ಇಳಿಯುತ್ತಲೇ ಉಡುಮಲೈ ಗಾಳಿ ಜಡೆಗೆ ಕೈ ಹಾಕಿತು.

ಅಂಗಡಿಯಲ್ಲಿ ಮುದಲಾಳಿ ಆಗಲೇ ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದರು, ಕನ್ನಡಕ ಮೂಗಿನ ತುದಿಗಿಳಿಸಿ. ನಾಚಿಮುತ್ತು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ. ಮೇಜಿನ ಮೇಲೆ ಕೊರೆದ ಎಳನೀರು. ಅವಳನ್ನು ಕಂಡದ್ದೇ ಅವನ ಕೈಗಳು ಬಿಚ್ಚಿಕೊಂಡವು. ಎಲ್ಲಿಡಬೇಕೆಂದು ಅವಕ್ಕೆ ತಿಳಿಯಲಿಲ್ಲ.

"ನೀನೇನಮ್ಮಣಿ ಇಲ್ಲಿ?" ಎಂದರು ಮುದಲಾಳಿ. "ಇನ್ನು ಎಲ್ಲ ಅಲ್ಲಿಂದಲೇ ಅಂದಿದ್ದೆಯಲ್ಲ. ಏನಾದ್ರೂ ಕೆಟ್ಟಿದೆಯಾ?"

"ಏನೂ ಕೆಟ್ಟಿಲ್ಲ ಅಯ್ಯಾ. ಗಿರಾಕಿಯಾಗಿ ಬಂದೆ. ವರ್ಷದ ಮೊದಲ ಬಿಲ್ಲು ಮೊದಲು ಒಳಗೆ ಬಂದವರಿಗೆ ತಾನೇ?"

"ಅದು ಹೌದು." ಅವರು ಅಕ್ಷರಗಳನ್ನು ಹುಡುಕಿ ಹುಡುಕಿ ಒತ್ತಿದರು. ಹೊಸ ವ್ಯವಸ್ಥೆ ಒಂದಿಷ್ಟೂ ತಡವರಿಸಲಿಲ್ಲ. "ಹೆಸರು, ಕಯಲ್ವಿಳಿ. ಏನು ಕೊಡಲಿ?"

"ಬಾವಿಗೆ ಹಾಕೋ ಪಂಪು."

"ನೀನಿರೋದು ಬಾಡಿಗೆ ಮನೆ, ಮೂರನೇ ಮಹಡಿ. ಬಾವಿ ಎಲ್ಲಿ ಬಂತು?" ಎಂದವರು, ಇರಲಿ ಎಂಬಂತೆ ಅದನ್ನೂ ಒತ್ತಿದರು. "ಎಲ್ಲಿಗೆ ತಲುಪಿಸಬೇಕು? ವಿಳಾಸ ಹೇಳು."

ಕಯಲ್ ನಾಚಿಮುತ್ತುವನ್ನು ನೋಡಿದಳು. ಅವನೂ ನೋಡುತ್ತಿದ್ದ. ಬಸ್ಸಿನಲ್ಲಿ ಜೋಡಿಸಿದ ಮಾತುಗಳು ಯಾವುವೂ ನೆನಪಿಗೆ ಬರಲಿಲ್ಲ. ಬೇಕಾಗಲೂ ಇಲ್ಲ.

"ಇದೇ ಅಂಗಡಿ," ಎಂದಳು. "ಹಿಂದಿನ ಮನೆ."

ಮುದಲಾಳಿಯ ಬೆರಳು ಗಾಳಿಯಲ್ಲೇ ನಿಂತಿತು. ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು, ಅವನನ್ನು ನೋಡಿದರು. ಅವನ ಮುಖ ಕುಂಕುಮವಾಗಿತ್ತು. ಅವರು ಅಷ್ಟನ್ನೂ ಒಂದೊಂದೇ ಅಕ್ಷರವಾಗಿ ಬರೆದು ಮುಗಿಸಿದರು. ಯಂತ್ರ ಗುಂಯ್‌ಗುಟ್ಟಿತು, ಬಿಲ್ಲು ಹೊರಬಂತು, ಹರಿದುಕೊಡಬೇಕಾದವನು ಹರಿಯದೆ ನಿಂತೇ ಇದ್ದ.

"ಬಿಲ್ಲು ನಿಲ್ಲಲಿಲ್ಲ ಅಮ್ಮಣಿ," ಎಂದರು ಮುದಲಾಳಿ. "ನಿಂತಿರೋನು ಇವನೊಬ್ಬನೇ."

ಹಿತ್ತಿಲಿನಿಂದ ತಾಯಿಯ ದನಿ ಬಂತು. "ನಾಚೀ, ನೀರು ಕಣೋ. ಇವತ್ತೂ ನಾಳೆ ಅಂತೀಯೇನು?"

ಅವನು ಕಯಲ್‌ಳ ಮುಖದಿಂದ ಕಣ್ಣು ಕೀಳಲಿಲ್ಲ.

"ಇವತ್ತೇಮ್ಮಾ," ಎಂದ. "ಇವತ್ತೇ."